ಗೋಡೆಯ ಮೇಲಿನ ಕಾರ್ಡುಗಳು

ಹೋದ ತಿಂಗಳು ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. ಒಬ್ಬ ಈಗ ಬ್ಯಾಂಕಿನಲ್ಲಿ ಅಧಿಕಾರಿ; ಇನ್ನೊಬ್ಬ ಸಾಗರದ ಕಡೆ ಅಡಿಕೆ ತೋಟ ನೋಡಿಕೊಂಡಿದ್ದಾನೆ. ಇಬ್ಬರೂ ನನ್ನ ಕೈಯಲ್ಲಿ ಏಟು ತಿಂದವರೇ. ಕಾಫಿ ಕುಡಿದು ಗೋಡೆಯತ್ತ ನೋಡುತ್ತಿದ್ದ ತೋಟದವನು, "ಸಾರ್, ಇಷ್ಟು ಒಪ್ಪವಾಗಿ ಸಾಲು ಹಿಡಿದಿದ್ದೀರಿ, ನಡುವೆ ಒಂದು ಮೊಳೆ ಖಾಲಿ ಇದೆಯಲ್ಲ?" ಎಂದು ಕೇಳಿದ. ತರಗತಿಯಲ್ಲಿ ಎಂದೂ ಪ್ರಶ್ನೆ ಕೇಳದಿದ್ದವನು ಇವನು. ಆ ದಿನ ಏನೋ ಹೇಳಿ ಹಾರಿಸಿದೆ. ಆದರೆ ಉತ್ತರ ಕೊಡದ ಮೇಷ್ಟ್ರಿಗೆ ನಿದ್ದೆ ಚೆನ್ನಾಗಿ ಬರುವುದಿಲ್ಲ. ಆದ್ದರಿಂದ ಈ ಬರಹ.

ನಮ್ಮ ಮನೆಯ ನಡುಕೋಣೆಯ ಗೋಡೆಯ ಮೇಲೆ ಹಳೆಯ ಅಂಚೆ ಕಾರ್ಡುಗಳ ಇಪ್ಪತ್ತಮೂರು ಚೌಕಟ್ಟುಗಳಿವೆ. ಪೆಟ್ಟಿಗೆಗಳಲ್ಲಿ ಇನ್ನೂ ಸುಮಾರು ಏಳುನೂರು ಕಾರ್ಡುಗಳು. ಬಂಧುಗಳಲ್ಲಿ ಕೆಲವರು ಇದನ್ನು "ಅವನ ರದ್ದಿ" ಎಂದು ಕರೆಯುತ್ತಾರೆಂದು ನನಗೆ ಗೊತ್ತು. ಅವರ ಮಾತಿನಲ್ಲಿ ಸುಳ್ಳೇನಿಲ್ಲ. ಮುಕ್ಕಾಲು ಪಾಲು ರದ್ದಿ ಅಂಗಡಿಗಳಿಂದಲೇ ಬಂದದ್ದು.

ಈ ಹುಚ್ಚಿನ ಮೂಲ ಒಂದು ತಂತಿ. ತೀರ್ಥಹಳ್ಳಿಯ ಹತ್ತಿರದ ನಮ್ಮ ಹಳೆಯ ಮನೆಯ ಜಗಲಿಯ ಸೂರಿನಲ್ಲಿ ಕಬ್ಬಿಣದ ಒಂದು ಕೊಕ್ಕೆ ತಂತಿ ತೂಗುತ್ತಿತ್ತು. ತುದಿ ಚೂಪು, ಕೆಳಗೆ ಕಾಗದ ಜಾರದಂತೆ ಒಂದು ದುಂಡನೆಯ ಮರದ ಬಿಲ್ಲೆ. ಬಂದ ಕಾರ್ಡನ್ನು ಓದಿ ಮುಗಿಸಿ ಅದಕ್ಕೆ ಸಿಕ್ಕಿಸಿದರೆ ಅದು ದಾಖಲಾದ ಹಾಗೆ. ನಿಮ್ಮಲ್ಲಿ ಐವತ್ತು ದಾಟಿದವರು ಇಂಥ ತಂತಿಯನ್ನು ನೋಡಿಯೇ ಇರುತ್ತೀರಿ. ಮದುವೆಯ ಕಾರ್ಡಿನ ಮೂಲೆಗೆ ಅರಿಶಿನ ಹಚ್ಚಿರುತ್ತಿತ್ತು. ಸಾವಿನ ಸುದ್ದಿಯ ಕಾರ್ಡು ಮಾತ್ರ ತಂತಿಗೆ ಏರುತ್ತಿರಲಿಲ್ಲ. ಅದನ್ನು ಅಂಗಳದಲ್ಲೇ ನಿಂತು ಓದಿ, ಹರಿದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಹಾಗಾಗಿ ಯಾವ ಮನೆಯ ತಂತಿಯನ್ನು ಬಿಡಿಸಿ ನೋಡಿದರೂ ಆ ವಂಶದಲ್ಲಿ ಜನ ಹುಟ್ಟುತ್ತಾರೆ, ಮದುವೆಯಾಗುತ್ತಾರೆ, ಹಸು ಕೊಳ್ಳುತ್ತಾರೆ, ಸಾಲ ಕೇಳುತ್ತಾರೆ. ಸಾಯುವವರು ಯಾರೂ ಇಲ್ಲ.

ಅಪ್ಪಯ್ಯ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಗೆ ಬರುತ್ತಿದ್ದುದು ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಅದೂ ಇಲ್ಲ. ಅಮ್ಮನಿಗೆ ಅಕ್ಷರ ಬಾರದು. ಆದ್ದರಿಂದ ಬಂದ ಕಾರ್ಡುಗಳನ್ನು ಓದಿ ಹೇಳುವ ಅಧಿಕಾರ ನನ್ನ ಎಂಟನೆಯ ವಯಸ್ಸಿನಲ್ಲೇ ನನಗೆ ಬಂದಿತ್ತು. ಅಮ್ಮ ಒಲೆಯ ಮುಂದೆ ಕುಳಿತಿರುತ್ತಿದ್ದಳು, ನಾನು ಹೊಸ್ತಿಲ ಮೇಲೆ ನಿಂತು ಗಟ್ಟಿಯಾಗಿ ಓದುತ್ತಿದ್ದೆ. "ತೀರ್ಥರೂಪು ಅಪ್ಪಯ್ಯನವರ ಪಾದಾರವಿಂದಗಳಲ್ಲಿ ಮಾಡುವ ಸಾಷ್ಟಾಂಗ ನಮಸ್ಕಾರಗಳು" ಎಂದು ಶುರುವಾದರೆ ಅದು ಅಕ್ಕನ ಕಾರ್ಡು. ಓದಿದ್ದನ್ನು ಅಮ್ಮ ಎರಡನೆಯ ಸಲ ಓದಿಸುತ್ತಿದ್ದಳು. ಆಮೇಲೆ ನಾನು ಜಗಲಿಯ ಮೇಲಿನ ಸ್ಟೂಲು ಹತ್ತಿ ಕಾರ್ಡಿನ ನಟ್ಟನಡುವೆ ತಂತಿಯನ್ನು ಚುಚ್ಚಿ ಕೆಳಗೆ ಜಾರಿಸುತ್ತಿದ್ದೆ. ಓದುವುದಕ್ಕಿಂತ ಚುಚ್ಚುವುದೇ ನನಗೆ ಹೆಚ್ಚು ಖುಷಿಯ ಕೆಲಸವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಅಮ್ಮ 1981ರಲ್ಲಿ ತೀರಿಕೊಂಡಳು. ಎರಡು ವರ್ಷದ ನಂತರ ಮನೆ ಪಾಲಾಯಿತು. ಪಾತ್ರೆ, ಮಣೆ, ಕಡಾಯಿಗಳನ್ನೆಲ್ಲ ಹಂಚಿಕೊಂಡ ಮೇಲೆ ಜಗಲಿಯಲ್ಲಿ ಆ ತಂತಿ ಉಳಿಯಿತು. ಯಾರಿಗೂ ಬೇಡವಾಗಿದ್ದುದರಿಂದ ನಾನು ತಂದೆ. ಶಿವಮೊಗ್ಗದ ಬಾಡಿಗೆ ಮನೆಯ ಅಟ್ಟದಲ್ಲಿ ಅದು ಬಹಳ ಕಾಲ ಹಾಗೆಯೇ ಬಿದ್ದಿತ್ತು.

ನಿಜವಾಗಿ ಸಂಗ್ರಹಕ್ಕೆ ಇಳಿದದ್ದು ಬೇರೆ ಕಾರಣಕ್ಕೆ. ಹತ್ತನೆಯ ತರಗತಿಯ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋದಾಗ ಸಂಜೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳನ್ನು ಸುತ್ತುವ ಅಭ್ಯಾಸವಿತ್ತು. ಒಂದು ಸಲ ಒಂದು ನಿಘಂಟಿನ ಪುಟಗಳ ನಡುವೆ ಒಂದು ಚಿತ್ರದ ಕಾರ್ಡು ಸಿಕ್ಕಿತು. ನಮ್ಮ ಜೋಗ. ಕೆಳಗೆ ಇಂಗ್ಲಿಷಿನಲ್ಲಿ 'ಗೇರುಸೊಪ್ಪೆ ಜಲಪಾತ' ಎಂದು ಅಚ್ಚಾಗಿತ್ತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ ಬೀಳುತ್ತಿವೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಸ್ಯಾಕ್ಸನಿಯಲ್ಲಿ ಮುದ್ರಿತ'. ನಮ್ಮ ಸೀಮೆಯ ನೀರು ಜರ್ಮನಿಯಲ್ಲಿ ಅಚ್ಚಾಗಿ, ಇಲ್ಲಿ ಮಾರಾಟವಾಗಿ, ಯಾರದೋ ನಿಘಂಟಿನಲ್ಲಿ ಎಪ್ಪತ್ತೆಂಬತ್ತು ವರ್ಷ ಮಲಗಿ ನನ್ನ ಕೈಗೆ ಬಂದಿತ್ತು. ಅಂಗಡಿಯವರು ಅದಕ್ಕೆ ಬೇರೆ ಹಣ ಕೇಳಲಿಲ್ಲ. ಸಂಗ್ರಾಹಕನನ್ನು ಕೆಡಿಸುವುದು ಇಂಥ ಮೊದಲನೆಯ ಪುಕ್ಕಟೆ ಕಾರ್ಡೇ.

ಆಮೇಲೆ ಕಲಿಯತೊಡಗಿದೆ. ಜಗತ್ತಿನ ಮೊದಲ ಅಂಚೆ ಕಾರ್ಡು 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೇರಿಯಲ್ಲಿ ಹೊರಟಿತು. ಹತ್ತು ವರ್ಷಗಳೊಳಗೆ, 1879ರ ಜುಲೈ 1ರಂದು, ಅದು ಭಾರತಕ್ಕೆ ಬಂತು. ಬೆಲೆ ಕಾಲಾಣೆ, ಮುದ್ರಣ ಲಂಡನ್ನಿನ ಡಿ ಲಾ ರೂ ಕಂಪನಿಯದು. ನಮ್ಮ ಮೈಸೂರು ಸಂಸ್ಥಾನದಲ್ಲಿ ಆಗ ಚಿಕ್ಕದೇವರಾಜ ಒಡೆಯರ ಕಾಲದಿಂದ, ಅಂದರೆ 1672ರಿಂದ, ನಡೆದುಬಂದ ಸ್ವಂತ ಅಂಚೆ ಇತ್ತು. ಅದು ಬ್ರಿಟಿಷರ ಅಂಚೆಯಲ್ಲಿ ಸೇರಿಹೋದದ್ದು 1889ರಲ್ಲಿ. ಇಲಾಖೆ ಹೋದರೂ ಹೆಸರು ಉಳಿಯಿತು. ಇವತ್ತಿಗೂ ನಾವು ಅಂಚೆ ಎಂದೇ ಅನ್ನುತ್ತೇವೆ.

ಚಿತ್ರದ ಕಾರ್ಡುಗಳಲ್ಲಿ ಹಳೆಯವನ್ನು ಗುರುತಿಸುವ ಉಪಾಯ ಸುಲಭವಾದದ್ದು. ಮೊದಮೊದಲು ಒಂದು ಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಬರೆಯುವವರು ಚಿತ್ರದ ಬದಿಯಲ್ಲೇ, ಆಕಾಶದ ಮೇಲೋ ಕೆರೆಯ ನೀರಿನ ಮೇಲೋ, ನಾಲ್ಕು ಸಾಲು ಗೀಚಬೇಕಿತ್ತು. ಬ್ರಿಟನ್ನಿನಲ್ಲಿ 1902ರಲ್ಲಿ ವಿಳಾಸದ ಬದಿಯನ್ನು ಗೆರೆ ಎಳೆದು ಎರಡು ಭಾಗ ಮಾಡಿ, ಒಂದರಲ್ಲಿ ಒಕ್ಕಣೆ ಬರೆಯಲು ಅನುಮತಿ ಕೊಟ್ಟರು. ಕ್ರಮೇಣ ಎಲ್ಲ ಕಡೆ ಅದೇ ರೂಢಿಯಾಯಿತು. ಹಾಗಾಗಿ ಚಿತ್ರದ ಮೇಲೆ ಗೀಚಿದ್ದರೆ, ಹಿಂದೆ ನಡುಗೆರೆ ಇಲ್ಲದಿದ್ದರೆ, ಬಹುಮಟ್ಟಿಗೆ ಅದು ನೂರು ವರ್ಷ ದಾಟಿದ್ದು. ಮದರಾಸಿನ ವೀಲೆ ಅಂಡ್ ಕ್ಲೈನ್, ಹಿಗಿನ್‌ಬಾಥಮ್ಸ್ ಮುಂತಾದವರು ಬೆಂಗಳೂರಿನ ದಂಡು ಪ್ರದೇಶ, ಲಾಲ್‌ಬಾಗಿನ ಗಾಜಿನ ಮನೆ, ಅಠಾರಾ ಕಚೇರಿ, ಬೀದಿಯ ಕಸುಬುದಾರರು ಎಲ್ಲವನ್ನೂ ಕಾರ್ಡಿಗಿಳಿಸಿದ್ದರು. ಬೆಂಗಳೂರು ಮತ್ತು ಮದರಾಸಿನ ಇಂಥ ಕಾರ್ಡುಗಳನ್ನೇ ಇಟ್ಟು 2018ರಲ್ಲಿ ಲಂಡನ್ನಿನ ಸೋವಾಸ್ ಕಾಲೇಜಿನವರು ಒಂದು ಪ್ರದರ್ಶನವನ್ನೇ ಮಾಡಿದರು. ಅಲ್ಲಿಗೆ ಹೋಗಿ ನೋಡುವ ಯೋಗ ನನಗಿರಲಿಲ್ಲ, ಆದರೆ ಸುದ್ದಿ ಓದಿದ ದಿನ ನನ್ನ ಹೆಂಡತಿಗೆ ಅದನ್ನು ಮೂರು ಸಲ ಹೇಳಿದೆ. ರದ್ದಿಯೆಂಬ ಆರೋಪಕ್ಕೆ ಅಷ್ಟರಮಟ್ಟಿಗೆ ಪರಿಹಾರ ಸಿಕ್ಕಿತು.

ಅಂಚೆ ಇಲಾಖೆಯ ಸಾದಾ ಕಾರ್ಡುಗಳಿಗೆ ಇಂಥ ಅಂದವಿಲ್ಲ. ಆದರೆ ಮಾಸಿದ ಠಸ್ಸೆಯ ಕಾರ್ಡಿನ ಕಾಲವನ್ನು ಪತ್ತೆ ಹಚ್ಚುವುದರಲ್ಲಿ ಒಂದು ಸೊಗಸಿದೆ. ಬೆಲೆ 'ನಯಾ ಪೈಸೆ'ಯಲ್ಲಿ ಅಚ್ಚಾಗಿದ್ದರೆ ಅದು 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಎಂದು ಬರೆದಿದ್ದರೆ ಸಾಮಾನ್ಯವಾಗಿ 1973ರ ನವೆಂಬರಿಗೆ ಮುಂಚಿನದು. ಆದರೆ ನಮ್ಮ ಹಿರಿಯರು ಹಳೆಯ ಹೆಸರನ್ನು ಅಷ್ಟು ಬೇಗ ಬಿಡುವವರಲ್ಲವಾದ್ದರಿಂದ ಇದನ್ನು ಪೂರ್ತಿ ನಂಬಬಾರದು. ಎಂಟನೆಯ ತರಗತಿಯ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡು ಕೊಟ್ಟು, "ಇದು ಯಾವ ವರ್ಷದ್ದು, ಹೇಗೆ ಹೇಳುತ್ತೀರಿ?" ಎಂದು ಕೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಪಾಠದಲ್ಲಿ ಒಂದು ಮಾತನ್ನು ನಾನು ಪದೇ ಪದೇ ಹೇಳುತ್ತಿದ್ದೆ: "ಕಾರ್ಡನ್ನು ತಿರುಗಿಸಿ ನೋಡಿ, ತಲೆಕೆಳಗು ಮಾಡಿ ನೋಡಿ." ಈ ಮಾತಿಗೆ ಆಮೇಲೆ ಬರುತ್ತೇನೆ.

ಕಾರ್ಡುಗಳನ್ನು ಗೋಡೆಗೆ ಏರಿಸಿದ್ದು ಸ್ವಂತ ಮನೆ ಕಟ್ಟಿದ ಮೇಲೆ. ಅದರಲ್ಲಿ ನಾನು ಮಾಡದ ತಪ್ಪಿಲ್ಲ. ಮೊದಲನೆಯ ಸಾಲನ್ನು ಪೂರ್ವದ ಕಿಟಕಿಗೆ ಎದುರಾಗಿ ಹಾಕಿದೆ. ಬೆಳಗಿನ ಬಿಸಿಲು ನೇರ ಅದರ ಮೇಲೆ. ಎರಡೇ ವರ್ಷಗಳಲ್ಲಿ ನೇರಳೆ ಶಾಯಿಯ ಅಕ್ಷರಗಳು ಇದ್ದವೋ ಇಲ್ಲವೋ ಎಂಬಂತಾದವು. ಬೆಳಕು ಕಾಗದಕ್ಕೆ ವಿಷ. ಅದರಲ್ಲೂ ಬಿಸಿಲಿನ ಅತಿನೇರಳೆ ಕಿರಣ ಶಾಯಿಯ ಬಣ್ಣವನ್ನು ಮುರಿಯುತ್ತದೆ, ಒಮ್ಮೆ ಹೋದದ್ದು ಮರಳಿ ಬರುವುದಿಲ್ಲ. ಸೀಸದಕಡ್ಡಿಯ ಬರಹಕ್ಕೆ ಈ ಭಯವಿಲ್ಲ. ಅದು ಇಂಗಾಲ, ಬೆಳಕಿಗೆ ಜಗ್ಗುವುದಿಲ್ಲ. ಎರಡನೆಯ ತಪ್ಪು, ಹರಿದ ಕಾರ್ಡೊಂದಕ್ಕೆ ಅಂಟು ಪಟ್ಟಿ ಹಚ್ಚಿದ್ದು. ಆ ಪಟ್ಟಿ ಒಣಗಿ ಉದುರಿದರೂ ಅದರ ಹಳದಿ ಕಲೆ ಅಲ್ಲಿಯೇ ನಿಂತಿದೆ. ಮೂರನೆಯದನ್ನು ಹೇಳಲು ನಾಚಿಕೆಯಾಗುತ್ತದೆ: ಆರನೆಯ ಎಡ್ವರ್ಡನೋ ಏಳನೆಯವನೋ ಎಂದು ನನಗೇ ಗೊತ್ತಿಲ್ಲದಿದ್ದ ಕಾಲದಲ್ಲಿ ಏಳನೆಯ ಎಡ್ವರ್ಡನ ತಲೆಯಿರುವ ಒಂದು ಒಳ್ಳೆಯ ಕಾರ್ಡನ್ನು ಪೇಟೆಗೆ ಒಯ್ದು ಲ್ಯಾಮಿನೇಷನ್ ಮಾಡಿಸಿಬಿಟ್ಟೆ. ಅದು ಈಗ ನನ್ನ ಮತದಾರರ ಚೀಟಿಯಷ್ಟೇ ಹೊಳೆಯುತ್ತದೆ.

ಈಗ ಮಾಡುವ ಕ್ರಮ ಹೀಗೆ. ಬಿಸಿಲು ಎಂದೂ ಬೀಳದ ಗೋಡೆ. ಕಾರ್ಡಿಗೆ ಅಂಟು ಹಚ್ಚದೆ, ನಾಲ್ಕು ಮೂಲೆಗಳನ್ನು ಕಾಗದದ ಮೂಲೆಚೀಲಗಳಲ್ಲಿ ಸಿಕ್ಕಿಸುವುದು. ಗಾಜು ಕಾರ್ಡಿಗೆ ತಾಗದಂತೆ ನಡುವೆ ದಪ್ಪ ಮೌಂಟ್ ಬೋರ್ಡು. ಅದೂ ಆಮ್ಲವಿಲ್ಲದ ಬಗೆಯದು, ಇಲ್ಲದಿದ್ದರೆ ಹತ್ತು ವರ್ಷಕ್ಕೆ ಕಾರ್ಡಿನ ಸುತ್ತ ಕಂದು ಚೌಕ ಮೂಡುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ಬೆವರುವುದರಿಂದ ಚೌಕಟ್ಟಿನ ಹಿಂದೆ ನಾಲ್ಕು ಬಿರಡೆಯ ತುಂಡು ಅಂಟಿಸಿ ಗಾಳಿಯಾಡಲು ಜಾಗ ಬಿಡುತ್ತೇನೆ. ಪೆಟ್ಟಿಗೆಯಲ್ಲಿಡುವ ಕಾರ್ಡುಗಳಿಗೆ ಪಾಲಿಯೆಸ್ಟರ್ ಹಾಳೆಯ ಲಕೋಟೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಮೆತ್ತನೆಯ ಪಿವಿಸಿ ಚೀಲ ಖಂಡಿತ ಬೇಡ, ಅದು ಕಾಲಕ್ರಮದಲ್ಲಿ ಬೆವತು ಕಾಗದವನ್ನು ಹಿಡಿದುಕೊಳ್ಳುತ್ತದೆ. ಬೆಳ್ಳಿಹುಳಕ್ಕೆ ಬಟ್ಟೆಯಲ್ಲಿ ಕಟ್ಟಿದ ಬಜೆ ಮತ್ತು ಲವಂಗ. ಓಲೆಗರಿಯ ಕಟ್ಟಿಗೆ ನಮ್ಮ ಅಜ್ಜ ಮಾಡುತ್ತಿದ್ದುದೂ ಇದನ್ನೇ.

ಒಂದು ಸಮಸ್ಯೆಗೆ ಮಾತ್ರ ಪರಿಹಾರವಿಲ್ಲ. ಕಾರ್ಡಿಗೆ ಎರಡು ಮುಖ, ಗೋಡೆಗೆ ಒಂದೇ. ಯಾವುದನ್ನು ತೋರಿಸುತ್ತೀರಿ? ಚಿತ್ರವನ್ನು ತೋರಿಸಿದರೆ ಬರೆದವರು ಮರೆಯಾಗುತ್ತಾರೆ. ಒಕ್ಕಣೆ ತೋರಿಸಿದರೆ ಊರು, ತಾರೀಖು, ಠಸ್ಸೆ ಮರೆಯಾಗುತ್ತವೆ. ನಾನು ಠಸ್ಸೆಯ ಪಕ್ಷದವನಾಗಿದ್ದೆ.

ಇನ್ನು ಖಾಲಿ ಮೊಳೆಯ ವಿಷಯ.

ಅಟ್ಟದಲ್ಲಿದ್ದ ನಮ್ಮ ಮನೆಯ ತಂತಿಯನ್ನು 2009ರಲ್ಲಿ, ನಿವೃತ್ತಿಗೆ ಒಂದು ವರ್ಷ ಮೊದಲು, ಕೆಳಗಿಳಿಸಿದೆ. ತುಕ್ಕು ಹಿಡಿದ ಕಡೆ ಕಾರ್ಡುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ತಂತಿಯನ್ನು ಕತ್ತರಿಸಿ, ಒಂದೊಂದಾಗಿ ಬಿಡಿಸಲು ಹದಿನೈದು ದಿನ ಹಿಡಿಯಿತು. ಒಟ್ಟು 214 ಕಾರ್ಡು. ಎಲ್ಲದರ ನಡುವೆಯೂ ಕಂದು ಅಂಚಿನ ಒಂದು ತೂತು. ಅವುಗಳಲ್ಲಿ ಬಹುಪಾಲು ನನ್ನ ಕೈಯದೇ. ಅದರಲ್ಲಿ ಅಕ್ಕನ ಕಾರ್ಡುಗಳು ಮೂವತ್ತೊಂದು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. 1961ರಲ್ಲಿ, ಅವಳ ಹದಿನೇಳನೆಯ ವಯಸ್ಸಿನಲ್ಲಿ, ಸಾಗರ ತಾಲ್ಲೂಕಿನ ಶರಾವತಿ ದಂಡೆಯ ಒಂದು ಹಳ್ಳಿಗೆ ಮದುವೆ ಮಾಡಿಕೊಟ್ಟರು. ಆ ಊರು ಈಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಆ ಕಣಿವೆಯ ಅನೇಕ ಹಳ್ಳಿಗಳ ಜೊತೆ ಅದೂ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ತೀರಾ ತಗ್ಗಿದರೆ ಮಡೆನೂರಿನ ಬಳಿ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ, ಜನ ನೋಡಲು ಹೋಗುತ್ತಾರೆ. ಅಕ್ಕನ ಊರಿಗೆ ಹಾಗೆ ಮೇಲೆ ಬರುವ ಭಾಗ್ಯವಿಲ್ಲ.

ಅವಳ ಮೂವತ್ತೊಂದು ಕಾರ್ಡುಗಳಲ್ಲಿ ಒಂದರ ಮೇಲೆ, 1963ರ ಆಗಸ್ಟಿನದು, ಆ ಊರಿನ ಶಾಖಾ ಅಂಚೆ ಕಚೇರಿಯ ಠಸ್ಸೆ ಅಚ್ಚೊತ್ತಿದಂತೆ ಬಿದ್ದಿತ್ತು. ದುಂಡಗೆ, ಸ್ಪಷ್ಟವಾಗಿ, ಒಂದಕ್ಷರವೂ ಮಾಸದೆ. ಮುಳುಗಿದ ಊರಿನ ಠಸ್ಸೆ! ಸಂಗ್ರಾಹಕರ ನಡುವೆ ಇಂಥದ್ದಕ್ಕೆ ಇರುವ ಬೆಲೆ ಬೇರೆಯೇ. ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ಅದನ್ನೇ ನೋಡಿದೆ. ಕಾರ್ಡು ನಮ್ಮ ಅಡಿಗೆಮನೆಯ ಹೊಗೆಗೆ ಕಂದಿತ್ತು. ಕೆಳಗಿನ ಅಂಚಿನುದ್ದಕ್ಕೂ ಒಂದು ಬೂದು ಗೆರೆ, ಕೊಳೆಯಂತೆ. ಕಟ್ಟು ಹಾಕುವ ಅಂಗಡಿಯವರಿಗೆ ವಿಳಾಸದ ಬದಿ ಮುಂದೆ ಬರುವಂತೆ ಹೇಳಿ, "ಕೆಳಗಿನ ಆ ಕೊಳೆ ಕಾಣದ ಹಾಗೆ ಬೋರ್ಡನ್ನು ಒಂದಿಷ್ಟು ಒಳಗೆ ತನ್ನಿ" ಎಂದು ಸೂಚನೆಯನ್ನೂ ಕೊಟ್ಟೆ. ಅವರು ಅಚ್ಚುಕಟ್ಟಾಗಿ ಹಾಗೆಯೇ ಮಾಡಿದರು. ಗೋಡೆಯ ನಟ್ಟನಡುವೆ ಅದನ್ನು ತೂಗುಹಾಕಿದೆ. ಏಳು ವರ್ಷ ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸಿದೆ. ನಿಮ್ಮಲ್ಲೂ ಕೆಲವರು ಆ ಭಾಷಣ ಕೇಳಿರುತ್ತೀರಿ.

ಅಕ್ಕನ ಕುಟುಂಬ ಮುಳುಗಡೆಯ ನಂತರ ಬೇರೆ ಕಡೆ ನೆಲೆಸಿತು. ಭಾವ ಹೋದ ಮೇಲೆ ಅವಳು ಮಗನ ಜೊತೆ ದೂರದ ಊರಿನಲ್ಲಿದ್ದಳು. ನಮ್ಮ ಹೊಸ ಮನೆಗೆ ಬಂದು ನಾಲ್ಕು ದಿನ ಉಳಿದದ್ದು 2016ರಲ್ಲೇ. ಬಂದ ಮರುದಿನ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಗೋಡೆಯ ಮುಂದೆ ನಿಂತಳು. ನಾನು ಹಿಂದೆ ನಿಂತು, ಠಸ್ಸೆಯ ಮಹತ್ವ ಕುರಿತು ನನ್ನ ಎಂದಿನ ಪಾಠವನ್ನು ಆರಂಭಿಸಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ.

"ಅಡಿಯಲ್ಲಿ ಬರೆದದ್ದು ಎಲ್ಲಿ ಹೋಯ್ತೋ?" ಎಂದಳು.

"ಯಾವುದು ಅಕ್ಕ?"

"ಕೆಳಗೆ ಒಂದು ಸಾಲು ಬರೆದಿದ್ದೆ. ಸೀಸದಕಡ್ಡಿಯಲ್ಲಿ."

ಐವತ್ತಮೂರು ವರ್ಷದ ಹಿಂದೆ ಬರೆದ ಕಾರ್ಡಿನ ಒಂದು ಸಾಲು ಅವಳಿಗೆ ನೆನಪಿರಲು ಸಾಧ್ಯವೇ ಎಂದು ನಾನು ನಕ್ಕೆ. ಆದರೂ ಚೌಕಟ್ಟನ್ನು ಕೆಳಗಿಳಿಸಿ, ಹಿಂದಿನ ಮೊಳೆಗಳನ್ನು ಸಡಿಲಿಸಿ, ಬೋರ್ಡನ್ನು ಎತ್ತಿದೆ. ಕಿಟಕಿಯ ಬೆಳಕಿಗೆ ಹಿಡಿದು ತಲೆಕೆಳಗು ಮಾಡಿದಾಗ ಕೊಳೆಯ ಗೆರೆ ಅಕ್ಷರವಾಯಿತು. ಇರುವೆಯಂಥ ಅಕ್ಷರ. 'ಅಮ್ಮ, ಗೌರಿಗೆ ಬಾಗಿನ ಬೇಡ, ಕರೆದುಕೊಂಡು ಹೋಗಲು ಯಾರಾದರೂ ಬನ್ನಿ.'

ಆ ಕಾರ್ಡಿನ ಕಥೆಯನ್ನು ಅಕ್ಕ ಅಲ್ಲೇ ಕುರ್ಚಿಯ ಮೇಲೆ ಕುಳಿತು ಹೇಳಿದಳು. ಕಾರ್ಡೆಂದರೆ ತೆರೆದ ಪತ್ರ. ಬರೆದದ್ದನ್ನು ಮನೆಯಲ್ಲಿ ಒಬ್ಬರು ಓದುತ್ತಾರೆ, ಅಂಚೆಗೆ ಹಾಕುವವರು ಓದುತ್ತಾರೆ, ಅಂಚೆಯವರೂ ಓದುತ್ತಾರೆ. ಅವಳ ಮಾವನವರು ಎದುರು ಕುಳಿತು ಇಂತಿಂಥ ಸುದ್ದಿ ಬರೆ ಎನ್ನುತ್ತಿದ್ದರು. ಎಲ್ಲರೂ ಕ್ಷೇಮ, ಮಳೆ ಜೋರು, ಸರ್ಕಾರದ ನೋಟೀಸು ಬಂದಿದೆ, ಕೆಂಪು ಹಸು ಕರು ಹಾಕಿದೆ. ಬರೆದಾದ ಮೇಲೆ ಓದಿ ಹೇಳಬೇಕಿತ್ತು. ಅವತ್ತು ಓದಿ ಹೇಳಿದ ನಂತರ, ವಿಳಾಸ ಬರೆಯುವ ನೆಪದಲ್ಲಿ ಒಳಗೆ ಹೋಗಿ, ಹಾಲಿನ ಲೆಕ್ಕ ಬರೆಯುವ ಸೀಸದಕಡ್ಡಿಯಿಂದ ಆ ಸಾಲನ್ನು ತಲೆಕೆಳಗಾಗಿ ಬರೆದಳಂತೆ. ಆ ವರ್ಷ ಅವಳಿಗೆ ಏನಾಗಿತ್ತು ಎಂಬುದು ಅವಳದು. ಅದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ತವರಿಗೆ ಬರಲೇಬೇಕಾಗಿದ್ದ ವರ್ಷ ಅದು ಎಂದಷ್ಟೇ ಹೇಳುತ್ತೇನೆ. ಯಾರೂ ಹೋಗಲಿಲ್ಲ. ಎಂದಿನಂತೆ ಬಾಗಿನದ ಹಣ ಮನಿಯಾರ್ಡರಿನಲ್ಲಿ ಹೋಯಿತು. ಅವಳು ಬಂದದ್ದು ಮರುವರ್ಷ ದೀಪಾವಳಿಗೆ.

"ಅಮ್ಮನಿಗೆ ಓದಿ ಹೇಳಿದ್ದೆಯಲ್ಲ ನೀನು?" ಎಂದು ಅಕ್ಕ ಕೇಳಿದಳು. ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಉತ್ತರ ಗೊತ್ತಿದೆ ಎಂದೇ ಐವತ್ತು ವರ್ಷ ನಂಬಿದವರು ಕೇಳುವ ರೀತಿಯಲ್ಲಿ ಕೇಳಿದಳು.

ನನಗೆ ಆ ದಿನ ನೆನಪಿಲ್ಲ. ಆದರೆ ನನ್ನ ಓದುವ ರೀತಿ ನೆನಪಿದೆ. ಒಕ್ಕಣೆ ಮುಗಿದು 'ಇತಿ' ಬಂದರೆ ನನ್ನ ಕೆಲಸ ಮುಗಿಯಿತು. ಹೊರಗೆ ಗೆಳೆಯರು ಕಾಯುತ್ತಿರುತ್ತಿದ್ದರು. ಎರಡನೆಯ ಸಲ ಓದು ಎಂದರೆ ಅರ್ಧ ನೋಡಿ, ಅರ್ಧ ಬಾಯಿಪಾಠದಿಂದ ಒದರುತ್ತಿದ್ದೆ. ಇನ್ನೊಂದೂ ನೆನಪಿದೆ. ಆ ಹಬ್ಬದ ಆಸುಪಾಸಿನ ವರ್ಷಗಳಲ್ಲಿ ಅಮ್ಮ ಯಾರ ಹತ್ತಿರವೋ ಹೇಳುತ್ತಿದ್ದಳು: "ಹಬ್ಬಕ್ಕೆ ಬರ್ತೀನಿ ಅಂತ ಒಂದು ಮಾತು ಬರೀಲಿಲ್ಲ ಹುಡುಗಿ. ಅಲ್ಲೇ ಒಗ್ಗಿಕೊಂಡಿದಾಳೆ." ಹೇಳುವಾಗ ಅವಳ ಮುಖದಲ್ಲಿ ಸಮಾಧಾನವಿತ್ತೋ ಬೇಸರವಿತ್ತೋ ನೋಡುವ ವಯಸ್ಸು ನನ್ನದಾಗಿರಲಿಲ್ಲ. ಆ ಸಾಲು ಕಿವಿಗೆ ಬಿದ್ದಿದ್ದರೆ, ತುಂಗೆ ದಡ ಮೀರಿ ಹರಿಯುತ್ತಿದ್ದರೂ, ದೋಣಿ ಹತ್ತಿ ಬಸ್ಸು ಹಿಡಿದು ತಾನೇ ಹೋಗಿಬಿಡುವ ಹೆಂಗಸು ಅವಳು.

'ಓದಿ ಹೇಳಿದ್ದೆ, ಅವಳಿಗೆ ಆಗಲಿಲ್ಲ' ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತೂ ಹೌದು. ಸತ್ತವಳ ಮೇಲೆ ಹಾಕಿದರೆ ಇಲ್ಲವೆನ್ನಲು ಯಾರೂ ಇರಲಿಲ್ಲ. ಅಲ್ಲದೆ ಅದು ಅಕ್ಕ ಹೇಗೂ ನಂಬಿದ್ದ ಸಂಗತಿ. ನಾನು ಅವಳ ಕಾಲ ಬಳಿ ನೆಲದ ಮೇಲೆ ಕುಳಿತು, "ಇಲ್ಲ ಅಕ್ಕ. ನಾನು ಇದನ್ನು ಓದಿಯೇ ಇರಲಿಲ್ಲ. ಕಾರ್ಡನ್ನು ತಿರುಗಿಸಿರಲಿಲ್ಲ. ಅಮ್ಮನಿಗೆ ಗೊತ್ತೇ ಇರಲಿಲ್ಲ" ಎಂದೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕಾರ್ಡಿನ ನಡುವಿನ ತೂತಿನ ಅಂಚನ್ನು ಉಗುರಿನಿಂದ ಮೆಲ್ಲಗೆ ಸವರುತ್ತಿದ್ದಳು. ಆಮೇಲೆ, "ಅಮ್ಮನಿಗೆ ಗೊತ್ತಿರಲಿಲ್ವಾ" ಎಂದಳು. ಪ್ರಶ್ನೆಯಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದಳು. ಅಡಿಗೆಮನೆಯಿಂದ ನನ್ನ ಹೆಂಡತಿ ಬಂದು ನಮ್ಮಿಬ್ಬರನ್ನೂ ನೋಡಿ ಹಾಗೆಯೇ ಹಿಂದಕ್ಕೆ ಹೋದಳು. "ಅವಳು ಸಾಯುವಾಗಲೂ ನಾನು ಕೇಳಲಿಲ್ಲ ಕಣೋ. ಕೇಳಿದ್ದರೆ ಆಗ್ತಿತ್ತು" ಎಂದು ಅಕ್ಕ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡಳು. ನನ್ನನ್ನು ಬೈಯುತ್ತಾಳೆಂದು ಕಾಯುತ್ತಿದ್ದೆ. "ಹನ್ನೊಂದು ವರ್ಷದ ಪೋರ. ಆಟಕ್ಕೆ ಹೊತ್ತಾಗಿತ್ತೇನೋ ನಿಂಗೆ" ಎಂದಳು, ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು.

ಮೂವತ್ತೈದು ವರ್ಷ ಮಕ್ಕಳಿಗೆ 'ತಿರುಗಿಸಿ ನೋಡಿ' ಎಂದು ಪಾಠ ಹೇಳಿದವನು, ಅದೇ ಕಾರ್ಡನ್ನು ಭೂತಗನ್ನಡಿಯಲ್ಲಿ ಗಂಟೆಗಟ್ಟಲೆ ನೋಡಿ, ಆ ಸಾಲನ್ನು ಎರಡನೆಯ ಸಲ ದುಡ್ಡು ಕೊಟ್ಟು ಮುಚ್ಚಿಸಿದ್ದೆ. ಮೊದಲನೆಯ ಸಲದ್ದಕ್ಕೆ ವಯಸ್ಸಿನ ರಿಯಾಯಿತಿ ಉಂಟು. ಎರಡನೆಯದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಅಕ್ಕ ಹೊರಟಾಗ ಕಾರ್ಡನ್ನು ತನ್ನ ಪರ್ಸಿನಲ್ಲಿ, ಮಾತ್ರೆಯ ಚೀಟಿಗಳ ಜೊತೆ, ಇಟ್ಟುಕೊಂಡಳು. ಕೊಡು ಎಂದು ಅವಳೂ ಕೇಳಲಿಲ್ಲ, ಬೇಡ ಎಂದು ನಾನೂ ಹೇಳಲಿಲ್ಲ. ಅದರ ಪ್ರತಿ ತೆಗೆದು ಚೌಕಟ್ಟಿಗೆ ಹಾಕಬಹುದಿತ್ತು, ಮಗಳೂ ಹಾಗೆಂದಳು. ಮನಸ್ಸಾಗಲಿಲ್ಲ.

ಆಮೇಲೆ ಉಳಿದ ಮೂವತ್ತು ಕಾರ್ಡುಗಳನ್ನೂ, ನಂತರ ತಂತಿಯ ಎಲ್ಲ ಕಾರ್ಡುಗಳನ್ನೂ, ಅಂಚು ಅಂಚು ಹಿಡಿದು ಓದಿದೆ. ಅಂಚಿನಲ್ಲಿ ಬರೆದ ಹದಿನಾಲ್ಕು ಸಾಲುಗಳು ಸಿಕ್ಕವು. ಹನ್ನೊಂದು ಹೆಂಗಸರ ಕೈಬರಹ. 'ಹಳೆ ಸೀರೆ ಇದ್ದರೆ ಕಳಿಸು', 'ಇವರಿಗೆ ಹೇಳಬೇಡಿ, ಕೈಯಲ್ಲಿ ಕಾಸಿಲ್ಲ', 'ಅಜ್ಜಿ ಹೇಗಿದ್ದಾಳೆ, ನಿಜ ಬರೆಯಿರಿ'. ಬರೆದವರಲ್ಲಿ ಈಗ ಇರುವವರು ಇಬ್ಬರು. ಅವರಿಗೆ ಅವರವರ ಕಾರ್ಡುಗಳನ್ನು ಕಳುಹಿಸಿದೆ. ಒಬ್ಬರು ಫೋನು ಮಾಡಿದರು, ಇನ್ನೊಬ್ಬರು ಮಾಡಲಿಲ್ಲ. ಗೋಡೆಯ ಮೇಲೆ ಈಗ ಇರುವುದೆಲ್ಲ ಹೊರಗಿನಿಂದ ಕೊಂಡ ಕಾರ್ಡುಗಳು. ಮನೆಯವರ ಕಾರ್ಡು ಒಂದೂ ಇಲ್ಲ. ಅವು ಸಹ ಯಾರದೋ ಮನೆಯವರ ಕಾರ್ಡುಗಳೇ ಎಂಬುದು ಗೊತ್ತಿದೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೌಂಟ್ ಬೋರ್ಡನ್ನು ಮಾತ್ರ ಈಗ ಕಾರ್ಡಿಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿ ಕೊಡಲು ಹೇಳುತ್ತೇನೆ, ನಾಲ್ಕು ಅಂಚೂ ಕಾಣುವ ಹಾಗೆ. ಅಂಗಡಿಯವರಿಗೆ ಅದು ಚೆನ್ನಾಗಿ ಕಾಣುವುದಿಲ್ಲವಂತೆ.

ಇದನ್ನೆಲ್ಲ ಬರೆಯಲೇ ಎಂದು ಮೊನ್ನೆ ಅಕ್ಕನನ್ನು ಕೇಳಿದೆ. ಈಗ ಅವಳಿಗೆ ಎಂಬತ್ತು ದಾಟಿದೆ; ಕಿವಿ ಸ್ವಲ್ಪ ಮಂದ, ನೆನಪು ಚುರುಕು. "ಬರಿ, ಆದರೆ ನಮ್ಮ ಮಾವನವರನ್ನು ಕೆಟ್ಟವರು ಮಾಡಬೇಡ. ಮನೆ, ತೋಟ ಎಲ್ಲ ಮುಳುಗೋ ವರ್ಷ ಅದು. ಅವರಿಗೆ ಯಾರ ಮುಖ ನೋಡೋಕೂ ಪುರಸೊತ್ತಿರಲಿಲ್ಲ" ಎಂದಳು. ಬರೆದಿದ್ದೇನೆ.

ಫೋನು ಇಡುವ ಮೊದಲು, ಆ ಕಾರ್ಡಿಗೆ ಹುಳ ಹಿಡಿಯದ ಹಾಗೆ ಏನು ಮಾಡಬೇಕು ಎಂದು ಕೇಳಿದಳು. ಪಾಲಿಯೆಸ್ಟರ್ ಲಕೋಟೆಯ ವಿಷಯ ವಿವರಿಸತೊಡಗಿದೆ. ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. "ಲವಂಗ ಹಾಕಿಟ್ಟಿದೀನಿ, ಸಾಕಲ್ವಾ?" ಎಂದಳು. ಸಾಕು ಎಂದೆ.